ಸ್ಪ್ರೂಸ್ ತೋಪು: ಕಾಂಡದ ಲೆಕ್ಕ ಸರಿ, ಕೊಂಬೆಯ ಲೆಕ್ಕ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ನೆಟ್ಟು ಬೆಳೆಸಿ, ಆಗಾಗ ಥಿನ್ನಿಂಗ್ ಮಾಡಿದ (ಉಳಿದವಕ್ಕೆ ಜಾಗವಾಗಲೆಂದು ನಡುವಿನ ಕೆಲವು ಮರ ಕಡಿದ) ಸ್ಪ್ರೂಸ್ (ಚಳಿ ದೇಶಗಳ ಸೂಜಿ ಎಲೆಯ ಮರ) ತೋಪಿನಲ್ಲಿ ಕಾಂಡ ಮತ್ತು ಕೊಂಬೆಗಳ ಒಣತೂಕ ಬೇಕಾಗಿದೆ. ಕಾಂಡದ ಘನ ಅಳತೆ ತೆಗೆದು ಒಂದು ಗುಣಕದಿಂದ ಹೆಚ್ಚಿಸಿ ಕೊಂಬೆಯನ್ನೂ ಸೇರಿಸಿಕೊಂಡರೆ ಸಾಕೇ? ಎತ್ತರ ಅಳೆಯಲು ಸಮಯ ಹಿಡಿಯುತ್ತದೆ, ವ್ಯಾಸ ಒಂದರಲ್ಲೇ ಮುಗಿಸಬಹುದೇ?

ಉತ್ತರ (ಅರಣ್ಯ ಮಾಪನ): ಕಾಂಡದ ಮಟ್ಟಿಗೆ ದೊಡ್ಡ ತಲೆನೋವಿಲ್ಲ. ನೆಲದಿಂದ 1.3 ಮೀ ಎತ್ತರದಲ್ಲಿ ವ್ಯಾಸ ತೆಗೆಯಿರಿ. ಕ್ಯಾಲಿಪರ್ (ಎರಡು ತೋಳಿನ ನಡುವೆ ಕಾಂಡ ಹಿಡಿದು ಅಳೆಯುವ ಸಾಧನ) ಹಿಡಿದರೆ ಒಂದಕ್ಕೊಂದು ಲಂಬವಾಗಿ ಎರಡು ಬಾರಿ ಅಳೆದು ಸರಾಸರಿ ತೆಗೆಯಿರಿ. ಇಳಿಜಾರಿನಲ್ಲಿ ಮೇಲುಬದಿಯ ನೆಲದಿಂದ 1.3 ಮೀ. ವ್ಯಾಸ 24 ಸೆಂ.ಮೀ, ಎತ್ತರ 22 ಮೀ ಇರುವ ಮರದ ಅಡ್ಡಕೊಯ್ತದ ವಿಸ್ತೀರ್ಣ 0.0452 ಚದರ ಮೀ. ಅದನ್ನು 22ರಿಂದಲೂ ಆಕೃತಿ ಗುಣಾಂಕ (ಕಾಂಡ ಮೇಲಕ್ಕೆ ಕಿರಿದಾಗುವುದನ್ನು ಲೆಕ್ಕಕ್ಕೆ ತರುವ ಸಂಖ್ಯೆ) 0.47ರಿಂದಲೂ ಗುಣಿಸಿದರೆ ಸುಮಾರು 0.47 ಘನ ಮೀ. ಮೂಲ ಸಾಂದ್ರತೆ ಘನ ಮೀಟರಿಗೆ 380 ಕೆ.ಜಿ ಹಿಡಿದರೆ ಒಣತೂಕ 178 ಕೆ.ಜಿ ಆಸುಪಾಸು. ಮೂಲ ಸಾಂದ್ರತೆ ಎಂದರೆ ಒಲೆಯಲ್ಲಿ ಪೂರ್ತಿ ಒಣಗಿಸಿದ ತೂಕವನ್ನು ಹಸಿ ಮರದ ಘನ ಅಳತೆಯಿಂದ ಭಾಗಿಸಿದ್ದು. ಮರದ ಮಂಡಿಯವರು ಹೇಳುವ ಗಾಳಿಗೆ ಒಣಗಿದ ಸಾಂದ್ರತೆ ಇದಕ್ಕಿಂತ ಹೆಚ್ಚು. ಅದನ್ನು ಇಲ್ಲಿ ಹಾಕಿದರೆ ಉತ್ತರ ಉಬ್ಬುತ್ತದೆ. ವೇಗವಾಗಿ ಬೆಳೆದ, ಅಗಲ ಉಂಗುರದ ಸ್ಪ್ರೂಸ್‌ನಲ್ಲಿ ಸಾಂದ್ರತೆ ಇಳಿಯುತ್ತದೆ ಎಂಬುದೂ ನೆನಪಿರಲಿ. ಹಾಗಾಗಿ ಬಲವಾಗಿ ಥಿನ್ನಿಂಗ್ ಮಾಡಿದ ತೋಪಿಗೆ ಬೇರೆ ಕಡೆಯ ಸರಾಸರಿಯನ್ನು ಎತ್ತಿ ತರಬೇಡಿ.

ಕೊಂಬೆಗೆ ಗುಣಕ ಬೇಡ. ಅದು ವಯಸ್ಸಿನೊಂದಿಗೆ ಬದಲಾಗುತ್ತದೆ, ಮರಗಳ ನಡುವಿನ ಅಂತರದೊಂದಿಗೆ ಇನ್ನೂ ಹೆಚ್ಚು ಬದಲಾಗುತ್ತದೆ.

ಪ್ರಶ್ನೆ ಕೇಳಿದವರು: ವ್ಯಾಸ ಒಂದೇ ಇದ್ದ ಮೇಲೆ ಕೊಂಬೆಯ ತೂಕವೂ ಹೆಚ್ಚುಕಡಿಮೆ ಅಷ್ಟೇ ಇರಬೇಕಲ್ಲವೇ ಸರ್?

ಉತ್ತರ (ಅರಣ್ಯ ಮಾಪನ): ಇಲ್ಲ, ಎಡವುವುದೇ ಅಲ್ಲಿ. ಒತ್ತೊತ್ತಾಗಿ ಬೆಳೆದ ಮರ ಬೆಳಕಿಗಾಗಿ ಉದ್ದಕ್ಕೆ ಏರಿರುತ್ತದೆ, ಕೆಳಗಿನ ಕೊಂಬೆಗಳು ಸತ್ತಿರುತ್ತವೆ. ಅದೇ ವ್ಯಾಸದ ಬಿಡಿಯಾಗಿ ನಿಂತ ಮರ ಗಿಡ್ಡಗಿದ್ದು, ಹಸಿರು ಕೊಂಬೆಗಳು ಕೆಳಗಿನವರೆಗೂ ಇಳಿದಿರುತ್ತವೆ. ಸ್ವೀಡನ್ನಿನ ಅರಣ್ಯ ಸಂಶೋಧಕ ಮಾರ್ಕ್‌ಲುಂಡ್ 1988ರಲ್ಲಿ ಕೊಟ್ಟ ಸೂತ್ರ ಇದನ್ನು ಚೆನ್ನಾಗಿ ತೋರಿಸುತ್ತದೆ. ಸೂಜಿ ಎಲೆ ಸೇರಿದ ಜೀವಂತ ಕೊಂಬೆಗೆ ಅದು ಹೀಗಿದೆ:

ಲಾಗ್(ಒಣತೂಕ) = −1.2063 + 10.9708 × ವ್ಯಾ/(ವ್ಯಾ+13) − 0.0124 × ಎ − 0.4923 × ಲಾಗ್(ಎ)

ವ್ಯಾ ಅಂದರೆ ಸೆಂ.ಮೀ.ನಲ್ಲಿ ವ್ಯಾಸ, ಎ ಅಂದರೆ ಮೀಟರಿನಲ್ಲಿ ಎತ್ತರ, ತೂಕ ಕೆ.ಜಿ.ಯಲ್ಲಿ, ಲಾಗ್ ನೈಸರ್ಗಿಕ ಲಾಗ್. ಎತ್ತರದ ಮುಂದಿನ ಚಿಹ್ನೆ ಋಣ ಎಂಬುದನ್ನು ಗಮನಿಸಿ. 24 ಸೆಂ.ಮೀ ವ್ಯಾಸಕ್ಕೆ ಎತ್ತರ 22 ಮೀ ಇದ್ದರೆ ಸುಮಾರು 61 ಕೆ.ಜಿ, 18 ಮೀ ಇದ್ದರೆ 71 ಕೆ.ಜಿ. ವ್ಯಾಸ ಒಂದನ್ನೇ ನೋಡಿದವರಿಗೆ ಈ ಹತ್ತು ಕೆ.ಜಿ ಕಾಣುವುದೇ ಇಲ್ಲ. ಎಲ್ಲ ಮರಗಳ ಎತ್ತರ ಬೇಡ. ಪ್ರತಿ ವ್ಯಾಸ ವರ್ಗದಿಂದ ಕೆಲವನ್ನು ಅಳೆದು ವ್ಯಾಸ–ಎತ್ತರದ ಗೆರೆ ಎಳೆದುಕೊಳ್ಳಿ. ಆದರೆ ತೋಪಿಗೆ ತೋಪಿಗೆ ಗೆರೆ ಬೇರೆ ಇರಲಿ.

ಇನ್ನೊಬ್ಬರು (ಕಟಾವು ಯೋಜನೆ): ಇದರಲ್ಲೇ ಒಂದು ಬಲೆ ಇದೆ. ಹಿಮ ಅಥವಾ ಗಾಳಿಗೆ ತುದಿ ಮುರಿದ ಮರದ ಎತ್ತರವನ್ನು ಹಾಗೇ ಹಾಕಿದರೆ ಸೂತ್ರ ಅದನ್ನು ಗಿಡ್ಡ, ದಟ್ಟ ಕೊಂಬೆಯ ಮರ ಎಂದು ತಿಳಿದು ತೂಕ ಏರಿಸುತ್ತದೆ. ಮರದಲ್ಲಿ ಕೊಂಬೆ ಕಡಿಮೆಯಾಗಿದ್ದರೆ ಲೆಕ್ಕದಲ್ಲಿ ಜಾಸ್ತಿ! ಮುರಿದ ಮರಗಳನ್ನು ಗುರುತು ಹಾಕಿ ಬೇರೆಯಾಗಿಯೇ ಲೆಕ್ಕ ಹಾಕಿ. ಥಿನ್ನಿಂಗ್ ಆದ ತಕ್ಷಣ ಕೊಂಬೆ ದಪ್ಪವಾಗುವುದಿಲ್ಲ, ಅದಕ್ಕೆ ಕೆಲವು ವರ್ಷ ಬೇಕು. ಯಂತ್ರ ಓಡಾಡುವ ದಾರಿಯ ಅಂಚಿನ ಮರಗಳು ಮಾತ್ರ ತೋಪಿನ ಒಳಗಿನವುಗಳಿಗಿಂತ ಭಾರದ ಕೊಂಬೆ ಹೊತ್ತಿರುತ್ತವೆ.

ಪ್ರಶ್ನೆ ಕೇಳಿದವರು: ನಮ್ಮ ತೋಪಿಗೆ ಸೂತ್ರ ಹೊಂದುತ್ತದೋ ಇಲ್ಲವೋ ಎಂದು ಮರ ಕಡಿದು ಪರೀಕ್ಷಿಸಬಹುದೇ?

ಉತ್ತರ (ಅರಣ್ಯ ಮಾಪನ): ಖಂಡಿತ. ಸಣ್ಣ, ನಡು, ದಪ್ಪ ವ್ಯಾಸದ ಮರಗಳನ್ನು ಆರಿಸಿ. ಕಡಿದ ಮೇಲೆ ಹಸಿರು ಭಾಗವನ್ನು ಉದ್ದದಲ್ಲಿ ಮೂರು ಪಾಲು ಮಾಡಿ. ಪ್ರತಿ ಪಾಲಿನಲ್ಲೂ ಎಲ್ಲ ಕೊಂಬೆಗಳ ವ್ಯಾಸವನ್ನು ಕಾಂಡದಿಂದ ಎರಡು–ಮೂರು ಸೆಂ.ಮೀ ಆಚೆಗೆ ಅಳೆಯಿರಿ, ಬುಡದ ಉಬ್ಬನ್ನು ಸೇರಿಸಬೇಡಿ. ಸಣ್ಣದು, ದೊಡ್ಡದು, ಮಧ್ಯಮ ಎಂದು ಪಾಲಿಗೆ ಮೂರು–ನಾಲ್ಕು ಕೊಂಬೆ ತೆಗೆದು ಅಲ್ಲೇ ಹಸಿ ತೂಗಿ. ಮಾದರಿಯನ್ನು ಗಾಳಿಯಾಡದ ಚೀಲದಲ್ಲಿ ಒಯ್ದು, ಹೊರತೆಗೆದು ಒಲೆಯಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಒಣಗುವಾಗ ಸೂಜಿ ಎಲೆಗಳು ಉದುರುತ್ತವೆ, ಟ್ರೇ ಬಿಟ್ಟು ಆಚೆ ಹೋಗದಂತೆ ನೋಡಿ. ಸತ್ತ ಕೊಂಬೆಗಳು ಬೇರೆ ರಾಶಿ. ಅವುಗಳಲ್ಲಿ ನೀರು ತೀರಾ ಕಡಿಮೆ, ಹಸಿಯವುಗಳ ಜೊತೆ ಬೆರೆಸಿ ಒಂದೇ ತೇವಾಂಶ ಹಿಡಿದರೆ ಎರಡೂ ಕೆಡುತ್ತವೆ.

ತೇವಾಂಶ ಬರೆಯುವಾಗ ಯಾವುದರ ಶೇಕಡಾ ಎಂದು ಬರೆಯಿರಿ. ಹಸಿ ತೂಕದ ಶೇ. 50 ಎಂದರೆ ಒಣತೂಕದ ಶೇ. 100. ಇಬ್ಬರು ಎರಡು ರೀತಿ ಬರೆದು ಒಂದೇ ಪಟ್ಟಿಗೆ ಸೇರಿಸಿದ್ದು ಕೊನೆಯವರೆಗೂ ಗೊತ್ತಾಗದ ತಪ್ಪು.

ಮೂರನೆಯವರು (ಅಂಕಿಅಂಶ): ನೀವೇ ಲಾಗ್ ಹಾಕಿ ಹೊಂದಿಸಿದ ಸಮೀಕರಣ ಮತ್ತೆ ಕೆ.ಜಿ.ಗೆ ಮರಳಿಸಿದಾಗ ಸರಾಸರಿ ಕಡಿಮೆ ತೋರಿಸುತ್ತದೆ. ಲಾಗ್ ಅಳತೆಯಲ್ಲಿ ಉಳಿಕೆ ವಿಚಲನೆಯ (ಅಳತೆಗಳು ಸಮೀಕರಣದಿಂದ ಎಷ್ಟು ಚದುರಿವೆ ಎಂಬುದರ ಅಳತೆ) ವರ್ಗದ ಅರ್ಧವನ್ನು ಸ್ಥಿರಾಂಕಕ್ಕೆ (ಮೇಲಿನ ಸೂತ್ರದ −1.2063ರಂಥ ಮೊದಲ ಸಂಖ್ಯೆಗೆ) ಸೇರಿಸಿ. ವಿಚಲನೆ 0.4 ಆದರೆ ತಿದ್ದುಪಡಿ ಶೇ. 8ರಷ್ಟು, ಕೊಂಬೆಯ ವಿಷಯದಲ್ಲಿ ಇದು ಸಣ್ಣದಲ್ಲ. ಬೇರೆಯವರ ಸೂತ್ರವಾದರೆ ಸ್ಥಿರಾಂಕದಲ್ಲಿ ತಿದ್ದುಪಡಿ ಆಗಲೇ ಇದೆಯೇ ಎಂದು ಮೊದಲು ನೋಡಿ, ಎರಡು ಬಾರಿ ಸೇರಿಸಬೇಡಿ.

ಇನ್ನೊಬ್ಬರು (ಕಟಾವು ಯೋಜನೆ): ಕಾಂಡದ ತುದಿಯನ್ನೂ ಎರಡು ಕಡೆ ಎಣಿಸಬೇಡಿ. ಗಿರಾಕಿ 7 ಸೆಂ.ಮೀ ದಪ್ಪದವರೆಗೆ ಮಾತ್ರ ತೆಗೆದುಕೊಂಡರೆ ಅದರ ಮೇಲಿನ ತುಂಡು ಕೊಂಬೆ ರಾಶಿಗೇ ಬೀಳುತ್ತದೆ, ಆದರೆ ಇಡೀ ಕಾಂಡದ ಘನ ಅಳತೆಯಲ್ಲಿ ಅದು ಆಗಲೇ ಸೇರಿರುತ್ತದೆ. ನಿಂತ ಮರದ ಕೊಂಬೆತೂಕವನ್ನು ಗಾಡಿಗೆ ಏರುವ ತೂಕ ಎಂದುಕೊಳ್ಳುವುದು ಇನ್ನೊಂದು ತಪ್ಪು. ಮೆತ್ತಗಿನ ನೆಲದಲ್ಲಿ ಯಂತ್ರ ಹೂತುಕೊಳ್ಳದಿರಲೆಂದು ದಾರಿಗೆ ಹಾಸಿದ ಕೊಂಬೆ ಅಲ್ಲೇ ಉಳಿಯುತ್ತದೆ. ರಾಶಿಯನ್ನು ಬೇಸಿಗೆಯವರೆಗೆ ಬಿಟ್ಟರೆ ಸೂಜಿ ಎಲೆಗಳ ಬಹುಪಾಲು ಉದುರಿ ನೆಲಕ್ಕೆ ಸೇರುತ್ತದೆ, ಅದರಲ್ಲಿರುವ ಸಾರಜನಕವೂ ಮಣ್ಣಿಗೇ ಹೋಗುತ್ತದೆ. ಹಾಗಾಗಿ ವರದಿಯಲ್ಲಿ ಸೂಜಿ ಎಲೆಗೆ ಬೇರೆ ಅಂಕಣ ಇಡಿ.