ಸಹಾಯ ಬೇಕು: ಬ್ರುಕ್ನರ್ ಅವರ 'ಲೋಕಸ್ ಇಸ್ಟೆ' ಹಾಡುವಾಗ ಶ್ರುತಿ ಇಳಿಯುತ್ತಿದೆ

ಎಲ್ಲರಿಗೂ ನಮಸ್ಕಾರ. ಆಸ್ಟ್ರಿಯಾದ ಸಂಗೀತ ರಚನೆಕಾರ ಆಂಟನ್ ಬ್ರುಕ್ನರ್ ಅವರ ಕಾಯರ್ (ಗುಂಪಾಗಿ ಹಾಡುವ) ಸಂಗೀತ ಹಾಡಿದವರು ಇಲ್ಲಿ ಯಾರಾದರೂ ಇದ್ದೀರಾ? ನಮ್ಮ ಚಿಕ್ಕ ಕಾಯರ್‌ನಲ್ಲಿ ನಾನು ಟೆನರ್, ಅಂದರೆ ಗಂಡಸರ ಎತ್ತರದ ಧ್ವನಿ. ಲಿಂಜ್ ಊರಿನ ಹೊಸ ಕೆಥೆಡ್ರಲ್‌ನ ಚಾಪೆಲ್ (ಚಿಕ್ಕ ಪ್ರಾರ್ಥನಾ ಮಂದಿರ) ಉದ್ಘಾಟನೆಗೆ ಅಂತ ಅವರು 1869ರಲ್ಲಿ ಬರೆದ 'ಲೋಕಸ್ ಇಸ್ಟೆ' ಎಂಬ ಲ್ಯಾಟಿನ್ ಮೋಟೆಟ್ (ಚರ್ಚ್‌ನಲ್ಲಿ ಹಲವು ಧ್ವನಿಗಳು ಹಾಡುವ ಚಿಕ್ಕ ಹಾಡು) ಕಲಿಯುತ್ತಿದ್ದೇವೆ. ನಾಲ್ಕು ಧ್ವನಿ, ವಾದ್ಯ ಇಲ್ಲ, ಮೂರೇ ನಿಮಿಷ. ನೋಡಲು ಸುಲಭ, ಆದರೆ ನಡುವೆ ಬೇಸ್‌ನವರು (ಗಂಡಸರ ತಗ್ಗಿನ ಧ್ವನಿ) ಸುಮ್ಮನಾಗಿ ಉಳಿದ ಮೂರು ಧ್ವನಿಗಳು ಮೆತ್ತಗೆ ಅರ್ಧರ್ಧ ಸ್ವರ ಜಾರುವ ಜಾಗದಲ್ಲಿ ನಮ್ಮ ಶ್ರುತಿ ಪ್ರತಿ ಸಲ ಇಳಿದುಬಿಡುತ್ತದೆ, ಬೇಸ್ ವಾಪಸ್ ಬಂದಾಗ ಕೇಳಲು ಆಗುವುದಿಲ್ಲ. ಇದನ್ನು ಹೇಗೆ ಅಭ್ಯಾಸ ಮಾಡಬೇಕು? ಪಿಯಾನೋ ಜೊತೆಗಾ, ಇಲ್ಲದೆಯಾ? ಕೊನೆಗೆ ಎಲ್ಲರೂ ಒಟ್ಟಿಗೆ ನಿಲ್ಲುವ ಆ ಮೌನವನ್ನು ಪೂರ್ತಿ ಎಣಿಸಬೇಕಾ?

ಇನ್ನೊಂದು, ಹಾಡುವ ಮೊದಲು ಬ್ರುಕ್ನರ್ ಬಗ್ಗೆ ನಾನು ಎರಡು ಮಾತು ಹೇಳಬೇಕು. ಹಳ್ಳಿ ಮೇಷ್ಟ್ರ ಮಗ, 1837ರಲ್ಲಿ ಅಪ್ಪ ತೀರಿಕೊಂಡ ಮೇಲೆ ಸೇಂಟ್ ಫ್ಲೋರಿಯನ್ ಮಠದಲ್ಲಿ ಹಾಡುವ ಹುಡುಗನಾಗಿ ಸೇರಿದವರು, 1896ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡಾಗ ಅದೇ ಮಠದ ಆರ್ಗನ್ ವಾದ್ಯದ ಕೆಳಗೇ ಅವರನ್ನು ಸಮಾಧಿ ಮಾಡಿದರು. ಇದನ್ನು ಓದಿದಾಗಿನಿಂದ ಈ ಹಾಡು ನನಗೆ ಬೇರೆಯೇ ಆಗಿದೆ. 'ಮೋಟೆಟ್' ಎಂಬುದಕ್ಕೆ ಸರಳ ಕನ್ನಡ ಪದ ಇದ್ದರೆ ಅದನ್ನೂ ಹೇಳಿ, ದಯವಿಟ್ಟು.