ಆರ್‌ವಿ ಪ್ರವಾಸದಲ್ಲಿ ಹೊಗೆ, ನೀರು, ಕಸ ಕಡಿಮೆ ಮಾಡುವುದು ಹೇಗೆ?

ಹಾಸನ_ಫ್ರೀಮಾಂಟ್:

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನಾವು ಒಂದು ಹಳೇ ಆರ್‌ವಿ, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಮನೆಗಾಡಿ, ತೆಗೆದುಕೊಂಡೆವು. ಕ್ಲಾಸ್ ಸಿ ಅನ್ನುವ ಮಧ್ಯಮ ಅಳತೆಯದು, 24 ಅಡಿ ಉದ್ದ. ಜೂನ್‌ನಲ್ಲಿ ಅಪ್ಪ ಅಮ್ಮ ಹಾಸನದಿಂದ ಬರುತ್ತಿದ್ದಾರೆ. ಅಮ್ಮನಿಗೆ ಮಂಡಿ ನೋವು, ಹೊರಗಿನ ಊಟ ಸೇರುವುದಿಲ್ಲ, ಹಾಗಾಗಿ ಅಡುಗೆಮನೆ ಜೊತೆಯಲ್ಲೇ ಇರುವ ಗಾಡಿ ನಮಗೆ ತುಂಬಾ ಅನುಕೂಲ.

12 ದಿನದ ಪ್ಲ್ಯಾನ್ ಹಾಕಿದ್ದೇನೆ. ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಿಂದ ಯೂಟಾದ ಜಯಾನ್, ಬ್ರೈಸ್ ಕ್ಯಾನ್ಯನ್, ಆರ್ಚಸ್ ನ್ಯಾಷನಲ್ ಪಾರ್ಕ್‌ಗಳು, ಅಲ್ಲಿಂದ ಮೇಲಕ್ಕೆ ಗ್ರ್ಯಾಂಡ್ ಟೀಟನ್, ಯೆಲ್ಲೊಸ್ಟೋನ್ ಪಾರ್ಕ್‌ಗಳು, ವಾಪಸ್ ಮನೆಗೆ. ಸುಮಾರು 2500 ಮೈಲಿ. ನಮ್ಮ ಗಾಡಿ ಗ್ಯಾಲನ್‌ಗೆ 9 ಮೈಲಿ ಕೊಟ್ಟರೆ ಹೆಚ್ಚು. ಮೊನ್ನೆ ಐದನೇ ಕ್ಲಾಸಿನ ಮಗಳು ಪಕ್ಕದಲ್ಲಿ ಕೂತು ಲೆಕ್ಕ ಹಾಕಿದಳು. ಒಂದು ಗ್ಯಾಲನ್ ಪೆಟ್ರೋಲ್ ಉರಿದರೆ ಸುಮಾರು 8.9 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದಂತೆ, ಅಂದರೆ ಈ ಒಂದು ಟ್ರಿಪ್‌ಗೆ ಹತ್ತಿರ ಹತ್ತಿರ ಎರಡೂವರೆ ಟನ್. "ಅಪ್ಪ, ಕಾಡು ನೋಡೋಕೆ ಹೋಗ್ತಾ ಇಷ್ಟು ಹೊಗೆ ಬಿಡ್ತೀವಾ?" ಅಂತ ಕೇಳಿದಳು. ಅವತ್ತಿಂದ ಅದೇ ಮಾತು ತಲೆಯಲ್ಲಿ ಕೂತಿದೆ.

ಒಂದು ಅಂಗಡಿಯವರು 400 ವ್ಯಾಟ್ ಸೋಲಾರ್ ಮತ್ತು ಒಂದು 100 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ ಹಾಕಿಸಿ, ಜನರೇಟರ್ ಮರೆತೇಬಿಡಿ, ರಾತ್ರಿಯೆಲ್ಲ ಎಸಿ ಓಡುತ್ತೆ ಅನ್ನುತ್ತಿದ್ದಾರೆ. ಸಾವಿರಾರು ಡಾಲರ್ ಕೆಲಸ. ಹಾಕಿಸಲೇ? ಇನ್ನೊಂದು, ಆರು ಜನಕ್ಕೆ ನೀರು ಸಾಕಾಗುವುದೇ ಇಲ್ಲ, ಪೇಪರ್ ಪ್ಲೇಟ್ ರಾಶಿ ಬೀಳುತ್ತೆ. ಆರ್‌ವಿಯಲ್ಲಿ ಓಡಾಡಿ ಅನುಭವ ಇರುವವರು ದಯವಿಟ್ಟು ಹೇಳಿ.

ಕಾವೇರಿ_ಕೊಲೊರಾಡೊ:

ನಿಮ್ಮ ಮಗಳು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾಳೆ ಸಾರ್. ಸೋಲಾರ್, ಬ್ಯಾಟರಿ ಎಲ್ಲ ಆಮೇಲೆ. ಮೊದಲು ಮ್ಯಾಪ್ ನೋಡಿ. ಆರ್‌ವಿಯಲ್ಲಿ ಹೊಗೆಯ ದೊಡ್ಡ ಪಾಲು ಬರುವುದು ಇಂಜಿನ್‌ನಿಂದ, ಅದರ ಮುಂದೆ ಉಳಿದದ್ದೆಲ್ಲ ಚಿಲ್ಲರೆ.

ಜಯಾನ್ ಮತ್ತು ಬ್ರೈಸ್ ಎರಡನ್ನೇ ಇಟ್ಟುಕೊಂಡರೆ ಹೋಗಿ ಬರಲು ಸುಮಾರು 1500 ಮೈಲಿ. 2500 ಮೈಲಿಗೆ 278 ಗ್ಯಾಲನ್ ಬೇಕು, 1500ಕ್ಕೆ 167 ಸಾಕು. ಒಂದೇ ಏಟಿಗೆ ಹತ್ತಿರ ಹತ್ತಿರ ಒಂದು ಟನ್ ಕಡಿಮೆ ಆಯಿತು. ಯಾವ ಅಂಗಡಿಯವರು ಯಾವ ಪ್ಯಾನೆಲ್ ಹಾಕಿಕೊಟ್ಟರೂ ಇಷ್ಟು ಉಳಿಯುವುದಿಲ್ಲ. ಅದೂ ಅಲ್ಲದೆ 12 ದಿನಕ್ಕೆ ಐದು ಪಾರ್ಕ್ ಅಂದರೆ ಅಪ್ಪ ಅಮ್ಮ ನೋಡುವುದು ಹೈವೇನೇ ಜಾಸ್ತಿ. ಮಂಡಿ ನೋವಿರುವವರನ್ನು ದಿನಾ ಗಂಟೆಗಟ್ಟಲೆ ಸೀಟಿನಲ್ಲಿ ಕೂರಿಸಬೇಡಿ.

ಆಮೇಲೆ ವೇಗ. ನೆವಾಡಾ, ಯೂಟಾದಲ್ಲಿ ಎಲ್ಲರೂ 75, 80ರಲ್ಲಿ ಹೋಗುತ್ತಾರೆ ಅಂತ ನೀವೂ ಹೋಗಬೇಡಿ. ಆರ್‌ವಿ ಅಂದರೆ ಚಕ್ರ ಇರುವ ಗೋಡೆ, ಗಾಳಿಯನ್ನು ತಳ್ಳಿಕೊಂಡೇ ಹೋಗಬೇಕು. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. 60ಕ್ಕೆ ಹೋಲಿಸಿದರೆ 75ರಲ್ಲೇ ಅದು ಒಂದೂವರೆ ಪಟ್ಟಿಗಿಂತ ಜಾಸ್ತಿ. ನಾನು ಬಲಗಡೆ ಲೇನ್ ಹಿಡಿದು 60ರಲ್ಲೇ ಹೋಗುತ್ತೇನೆ, ಬಂಕ್‌ನಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ನೀರಿನ ಟ್ಯಾಂಕ್ ಮನೆಯಿಂದಲೇ ತುಂಬಿಸಿಕೊಂಡು ಹೊರಡಬೇಡಿ, 40 ಗ್ಯಾಲನ್ ನೀರು ಅಂದರೆ 330 ಪೌಂಡ್ ಭಾರ. ದಾರಿಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಅಲ್ಲಿ ಹೋಗಿ ತುಂಬಿಸಿ.

ಜಯಾನ್ ತಲುಪಿದ ಮೇಲೆ ಗಾಡಿ ಅಲ್ಲಾಡಿಸುವುದೇ ಬೇಡ. ಸೀಸನ್‌ನಲ್ಲಿ ಕ್ಯಾನ್ಯನ್ ಒಳಗೆ ಹೇಗೂ ಸ್ವಂತ ವಾಹನ ಬಿಡುವುದಿಲ್ಲ, ಪುಕ್ಕಟೆ ಶಟಲ್ ಇದೆ, ಈಗ ಅವೆಲ್ಲ ಬ್ಯಾಟರಿ ಬಸ್ಸುಗಳು. ಬ್ರೈಸ್‌ನಲ್ಲೂ ಶಟಲ್ ಇದೆ. ಹಾಂ, ಜಯಾನ್‌ನಿಂದ ಪೂರ್ವಕ್ಕೆ ಹೋಗುವ ಸುರಂಗದ ದಾರಿಯಲ್ಲಿ ದೊಡ್ಡ ಗಾಡಿಗಳಿಗೆ ನಿರ್ಬಂಧ ಇದೆ, ನಿಮ್ಮ ಗಾಡಿಯ ಅಳತೆ ಹಿಡಿದು ಪಾರ್ಕ್‌ನ ನಿಯಮ ಈಗಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಸುತ್ತು ಹಾಕಿ ಇನ್ನಷ್ಟು ಪೆಟ್ರೋಲ್ ಸುಡಬೇಕಾಗುತ್ತೆ.

ತುಂಗಾತೀರ:

ನಾನು ಎಲೆಕ್ಟ್ರಿಕಲ್ ಕೆಲಸದವನು, ಅಂಗಡಿಯವರ ಮಾತಿಗೆ ಮಾತ್ರ ಉತ್ತರಿಸುತ್ತೇನೆ. ರಾತ್ರಿಯೆಲ್ಲ ಎಸಿ ಓಡುತ್ತೆ ಅನ್ನುವುದು ಸುಳ್ಳು.

ಲೆಕ್ಕ ನೋಡಿ. ಆ ಬ್ಯಾಟರಿಯಲ್ಲಿ ಇರುವುದು 1.28 ಯೂನಿಟ್ ಕರೆಂಟ್. ಆರ್‌ವಿ ಮೇಲಿನ ಎಸಿ ಓಡುವಾಗ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಪೂರ್ತಿ ಒಂದು ಗಂಟೆಯೂ ಬರುವುದಿಲ್ಲ. ಯೂಟಾದ ಜೂನ್ ಬಿಸಿಲಿಗೆ 400 ವ್ಯಾಟ್ ಪ್ಯಾನೆಲ್ ಇಡೀ ದಿನಕ್ಕೆ ಒಂದೂವರೆಯಿಂದ ಎರಡು ಯೂನಿಟ್ ಕೊಟ್ಟೀತು. ಅದರಲ್ಲಿ ಲೈಟು, ಫೋನು, ನೀರಿನ ಪಂಪು, ಚಾವಣಿಯ ಫ್ಯಾನು ಆರಾಮಾಗಿ ನಡೆಯುತ್ತವೆ. ಎಸಿ, ಮೈಕ್ರೊವೇವ್, ಇಂಡಕ್ಷನ್ ಒಲೆಗೆ ಅದು ಆಗುವ ಮಾತಲ್ಲ.

ಹಾಗಂತ ಸೋಲಾರ್ ಬೇಡ ಅನ್ನುತ್ತಿಲ್ಲ. 200 ವ್ಯಾಟ್‌ನ ಒಂದು ಪ್ಯಾನೆಲ್, ಒಂದು ಲಿಥಿಯಂ ಬ್ಯಾಟರಿಯಿಂದ ಶುರು ಮಾಡಿ. ಹಳೇ ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಹಾಳಾಗುತ್ತದೆ, ಲಿಥಿಯಂನಲ್ಲಿ ಬಹುಪಾಲು ಬಳಸಬಹುದು. ಬರೀ ಬ್ಯಾಟರಿ ಚಾರ್ಜ್ ಮಾಡಲು ಜನರೇಟರ್ ಹಾಕುವುದು ತಪ್ಪಿದರೂ ದೊಡ್ಡ ಲಾಭ. ಅರ್ಧ ಲೋಡ್‌ನಲ್ಲೂ ಗಂಟೆಗೆ ಸುಮಾರು ಅರ್ಧ ಗ್ಯಾಲನ್ ಕುಡಿಯುತ್ತದೆ ಅದು. ಪಕ್ಕದ ಟೆಂಟಿನವರ ನಿದ್ದೆಯೂ ಹಾಳು. ಹಳೇ ಬ್ಯಾಟರಿಯನ್ನು ಕಸಕ್ಕೆ ಎಸೆಯಬೇಡಿ, ಆಟೋ ಪಾರ್ಟ್ಸ್ ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳುತ್ತಾರೆ.

ಸೆಕೆಗೆ ನಿಜವಾದ ಔಷಧ ಎತ್ತರ. ಜಯಾನ್ ಕಣಿವೆ ಸುಮಾರು 4000 ಅಡಿಯಲ್ಲಿದೆ, ಜೂನ್‌ನಲ್ಲಿ 100 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತೆ. ಬ್ರೈಸ್ ಸುಮಾರು 8000 ಅಡಿ, ರಾತ್ರಿ ಕಂಬಳಿ ಬೇಕು. ಜಯಾನ್‌ಗೆ ಎರಡೋ ಮೂರೋ ದಿನ ಸಾಕು, ಬ್ರೈಸ್ ಕಡೆ ಜಾಸ್ತಿ ದಿನ ಇರಿ. ಜಯಾನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಕರೆಂಟ್ ಇರುವ ಸೈಟ್‌ಗಳಿವೆ, ವಯಸ್ಸಾದವರು ಜೊತೆಗಿರುವಾಗ ಅದನ್ನೇ ಹಿಡಿಯಿರಿ. ಅಲ್ಲಿ ಜನರೇಟರ್ ಹಾಕಲು ಬಿಡುವುದಿಲ್ಲ.

ಅಲೆಮಾರಿ_ಅಕ್ಕ:

ನಾನು, ನಮ್ಮ ಯಜಮಾನರು ಎರಡು ವರ್ಷ ಟ್ರೇಲರ್‌ನಲ್ಲೇ ವಾಸ ಮಾಡಿದ್ದೇವೆ. ಸಾರ್‌ಗಳು ಇಂಜಿನ್, ಬ್ಯಾಟರಿ ಹೇಳಿ ಆಯಿತು, ನಾನು ನೀರು ಮತ್ತು ಅಡುಗೆ ಹೇಳುತ್ತೇನೆ.

ನೀರಿಗೆ ಒಂದೇ ಮಾತು: ಶವರ್ ಬಿಡಿ, ಬಕೆಟ್ ಸ್ನಾನ ಮಾಡಿ. ಅರ್ಧ ಬಕೆಟ್ ನೀರು, ಒಂದು ಚೊಂಬು. ಶವರ್‌ನಲ್ಲಿ ಬಿಸಿನೀರು ಬರುವವರೆಗೆ ಸುಮ್ನೆ ಹರಿದುಹೋಗುವ ನೀರಿನಲ್ಲೇ ಒಬ್ಬರ ಸ್ನಾನದ ಅರ್ಧ ಪಾಲು ಮುಗಿಯುತ್ತೆ. ಆ ತಣ್ಣೀರನ್ನೂ ಬಕೆಟ್‌ನಲ್ಲಿ ಹಿಡಿದುಕೊಂಡು ಟಾಯ್ಲೆಟ್‌ಗೆ ಹಾಕಿ. ನಾವು ಊರಿನಲ್ಲಿ ಬೆಳೆದದ್ದೇ ಹೀಗಲ್ವಾ? ನಿಮ್ಮ ಅಪ್ಪ ಅಮ್ಮನಿಗೆ ಹೇಳಿಕೊಡಬೇಕಾಗಿಯೇ ಇಲ್ಲ, ಮಕ್ಕಳಿಗೆ ಅವರೇ ಕಲಿಸುತ್ತಾರೆ. ಸ್ನಾನ, ಪಾತ್ರೆ ತೊಳೆದ ನೀರು ಸೇರುವ ಗ್ರೇ ಟ್ಯಾಂಕ್‌ಗೆ ಹೋಗುವುದು ಬರೀ ಸೋಪಿನ ನೀರಲ್ಲವೇ ಅಂತ ಕೆಲವರು ನೆಲಕ್ಕೇ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ, ನ್ಯಾಷನಲ್ ಪಾರ್ಕ್‌ಗಳಲ್ಲಿ ಅದಕ್ಕೆ ಅವಕಾಶವೂ ಇಲ್ಲ. ಅನ್ನದ ಅಗುಳು, ಎಣ್ಣೆ ಜಿಡ್ಡಿನ ವಾಸನೆಗೆ ಪ್ರಾಣಿಗಳು ಬರುತ್ತವೆ. ಆರ್‌ವಿ ಟ್ಯಾಂಕ್ ಖಾಲಿ ಮಾಡಲೆಂದೇ ಇರುವ ಡಂಪ್ ಸ್ಟೇಷನ್‌ನಲ್ಲೇ ಖಾಲಿ ಮಾಡಿ.

ಬ್ಲ್ಯಾಕ್ ಟ್ಯಾಂಕ್‌ಗೆ, ಅಂದರೆ ಟಾಯ್ಲೆಟ್‌ನ ಟ್ಯಾಂಕ್‌ಗೆ, ಹಾಕುವ ಔಷಧದ ಲೇಬಲ್ ಓದಿ. ಫಾರ್ಮಾಲ್ಡಿಹೈಡ್ ಇದ್ದರೆ ಮುಟ್ಟಬೇಡಿ. ಎಷ್ಟೋ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಇರುತ್ತದೆ. ಮಲವನ್ನು ಕೊಳೆಸುವ ಬ್ಯಾಕ್ಟೀರಿಯಾ ಅದರಿಂದ ಸತ್ತರೆ ಕೊಳಕು ಹಾಗೇ ಮಣ್ಣಿಗೆ ಇಳಿಯುತ್ತದೆ. ಎನ್‌ಜೈಮ್ ಇರುವುದು ಸಿಗುತ್ತೆ, ಅದು ಹಾಕಿ, ನೀರು ಧಾರಾಳವಾಗಿ ಹಾಕಿ. ಟಾಯ್ಲೆಟ್ ಪೇಪರ್ ಬದಲು ನೀರು ಬಳಸುವ ನಮ್ಮ ಅಭ್ಯಾಸ ಈ ಟ್ಯಾಂಕ್‌ಗೆ ಒಳ್ಳೆಯದೇ, ಕಟ್ಟಿಕೊಳ್ಳುವುದಿಲ್ಲ. ಆದರೆ ಬೇಗ ತುಂಬುತ್ತದೆ, ಗಮನ ಇರಲಿ.

ಪೇಪರ್ ಪ್ಲೇಟ್ ಯಾಕೆ? ಆರು ಸ್ಟೀಲ್ ತಟ್ಟೆ ಇಟ್ಟುಕೊಳ್ಳಿ. ಊಟ ಆದ ತಕ್ಷಣ ಹಳೇ ಬಟ್ಟೆ ಚೂರಿನಿಂದ ಒರೆಸಿ, ಆಮೇಲೆ ಒಂದೇ ಪಾತ್ರೆ ನೀರಲ್ಲಿ ಎಲ್ಲವನ್ನೂ ತೊಳೆಯಬಹುದು. ಬೇಳೆಯನ್ನು ಬೆಳಿಗ್ಗೆಯೇ ನೆನೆಸಿಡಿ, ಕುಕ್ಕರ್‌ನಲ್ಲಿ ಬೇಳೆ, ಅನ್ನ, ತರಕಾರಿ ಒಟ್ಟಿಗೆ ಇಡಿ, ಒಲೆಯ ಪ್ರೊಪೇನ್ ಗ್ಯಾಸ್ ಎಷ್ಟು ಉಳಿಯುತ್ತೆ ನೋಡಿ.

ಕೊನೆಯದಾಗಿ ಸೌದೆ. ಇದನ್ನು ನಾನೇ ತಪ್ಪು ಮಾಡಿ ಕಲಿತದ್ದು. ಮನೆ ಹಿತ್ತಲಿನ ಸೌದೆ ಪುಕ್ಕಟೆ ಅಂತ ಹೊತ್ತುಕೊಂಡು ಹೋಗಿದ್ದೆವು, ಒಬ್ಬ ರೇಂಜರ್ ಕೂರಿಸಿಕೊಂಡು ತಿಳಿಸಿ ಹೇಳಿದರು. ಏಷ್ಯಾದಿಂದ ಬಂದ ಎಮರಾಲ್ಡ್ ಆ್ಯಶ್ ಬೋರರ್ ಅನ್ನುವ ಹಸಿರು ಹುಳು 2002ರಲ್ಲಿ ಮಿಶಿಗನ್‌ನಲ್ಲಿ ಮೊದಲು ಕಂಡದ್ದು. ಜನ ಸೌದೆಯ ಜೊತೆ ಅದನ್ನು ರಾಜ್ಯದಿಂದ ರಾಜ್ಯಕ್ಕೆ ಹೊತ್ತರು. ಕೋಟಿಗಟ್ಟಲೆ ಆ್ಯಶ್ ಮರಗಳು ಸತ್ತವು. ಅವತ್ತು ನನಗೆ ತುಂಬಾ ಸಂಕಟ ಆಯಿತು. ಸೌದೆಯನ್ನು ಉರಿಸುವ ಊರಲ್ಲೇ ಕೊಳ್ಳಿ, ಉಳಿದದ್ದನ್ನು ಅಲ್ಲೇ ಬಿಟ್ಟು ಬನ್ನಿ.

ಹಾಸನ_ಫ್ರೀಮಾಂಟ್:

ಮೂವರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೆದರುತ್ತಲೇ ಕೇಳಿದೆ, ಯೆಲ್ಲೊಸ್ಟೋನ್ ಈ ಸಲ ಬಿಟ್ಟರೆ ಬೇಜಾರಾ ಅಂತ. "ದಿನಾ ಗಂಟು ಮೂಟೆ ಕಟ್ಟೋದು ನನಗೂ ಬೇಡಪ್ಪ, ಒಂದು ಕಡೆ ಕೂತು ಬೆಳಿಗ್ಗೆ ಕಾಫಿ ಕುಡಿಯೋ ಹಾಗೆ ಮಾಡು" ಅಂದರು. ನಾನು ಇಷ್ಟು ದಿನ ಅವರಿಗೋಸ್ಕರವೇ ಐದು ಪಾರ್ಕ್ ಸೇರಿಸಿದ್ದೆ!

ಈಗ ಜಯಾನ್ 3 ದಿನ, ಬ್ರೈಸ್ 5 ದಿನ, ಉಳಿದ 4 ದಿನ ನಿಧಾನವಾಗಿ ಓಡಿಸಲು. ಸೋಲಾರ್ ಒಂದೇ ಪ್ಯಾನೆಲ್. ಮಗಳು ಹೊಸ ಲೆಕ್ಕ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾಳೆ. ಅಕ್ಕ, ಒಂದು ಸಣ್ಣ ಪ್ರಶ್ನೆ: ನಮ್ಮ ಬಾತ್‌ರೂಮ್ ತುಂಬಾ ಇಕ್ಕಟ್ಟು, ಬಕೆಟ್ ಎಲ್ಲಿಡುವುದು?

ಅಲೆಮಾರಿ_ಅಕ್ಕ:

ರಬ್ಬರಿನ ಮಡಚುವ ಬಕೆಟ್ ಸಿಗುತ್ತೆ, ಸ್ನಾನ ಆದಮೇಲೆ ತಟ್ಟೆಯ ಹಾಗೆ ಚಪ್ಪಟೆ ಮಾಡಿ ಗೋಡೆಗೆ ನೇತುಹಾಕಿ. ಅಮ್ಮನಿಗೆ ಕೂರಲು ಕಷ್ಟ ಆದರೆ ಬಕೆಟ್ಟನ್ನು ಟಾಯ್ಲೆಟ್ ಮುಚ್ಚಳದ ಮೇಲಿಟ್ಟು ನಿಂತೇ ಸ್ನಾನ ಮಾಡಬಹುದು, ಹಿಡಿದುಕೊಳ್ಳಲು ಗೋಡೆಗೊಂದು ಹಿಡಿ ಹಾಕಿಸಿ. ಚೊಂಬು ಮಾತ್ರ ಹಾಸನದಿಂದಲೇ ತರಲು ಹೇಳಿ.