ಕಪ್ಪು ಮೈ, ಬಿಳಿ ಚುಕ್ಕಿ: ಇದು ದುಂಬಿನಾ, ಜಿರಳೆನಾ? ಸಾಕಬಹುದಾ?

ಹಿರಿಯೂರು_ಹೈದ

ನಮಸ್ಕಾರ, ಒಂದು ಹುಳದ ಬಗ್ಗೆ ಕೇಳಬೇಕಿತ್ತು. ನಮ್ಮ ಹೊಲ ಹಿರಿಯೂರಿನ ಹತ್ತಿರ, ಬದುವಿನ ತುಂಬ ಜಾಲಿ ಮರ. ಮೊನ್ನೆ ಮಳೆ ಬಿದ್ದ ಮಾರನೇ ದಿನ ಸಂಜೆ ನನ್ನ ಮಗಳು ಜಾಲಿ ಬುಡದಲ್ಲಿ ಒಂದು ಹುಳ ಹಿಡಿದು, ತನ್ನ ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಬಂದಿದ್ದಾಳೆ. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ದುಂಡಗಿದೆ, ಕಪ್ಪು ಮೈ ಮೇಲೆ ಬಿಳಿ ಗುಂಡಿ ಹೊಲಿದ ಹಾಗೆ ಚುಕ್ಕಿಗಳು. ನಾನು ದುಂಬಿ ಅಂದೆ. ಹೆಂಡತಿ ಒಂದೇ ನೋಟಕ್ಕೆ ಜಿರಳೆ ಅಂದು ಚಪ್ಪಲಿ ಹುಡುಕಿದಳು. ಮಗಳು ಡಬ್ಬಿ ತಬ್ಬಿಕೊಂಡು ಅಳುತ್ತಾ ಕೂತಿದ್ದಾಳೆ, ಸಾಕಲೇಬೇಕಂತೆ.

ಎರಡು ಪ್ರಶ್ನೆ. ಇದು ಏನು? ಇನ್ನೊಂದು, ನನ್ನ ಹತ್ತಿರ ಒಂದು ಅರೋವಾನಾ ಮೀನಿದೆ, ಅಂಗಡಿ ಹುಳಕ್ಕೆ ದುಡ್ಡು ಕೊಟ್ಟು ಸಾಕಾಗಿದೆ. ಇದನ್ನೇ ಮರಿ ಮಾಡಿಸಿ ಮೀನಿಗೆ ಹಾಕಬಹುದಾ?

ಎಲೆ_ಕೆಳಗಿನವ

ಮೊದಲು ಚುಕ್ಕಿ ಎಣಿಸಿ, ಆಮೇಲೆ ಮಗು ಕೈಗೆ ಕೊಡಿ. ತಮಾಷೆಗೆ ಹೇಳುತ್ತಿಲ್ಲ. ನಮ್ಮ ಕುರುಚಲು ಕಾಡಲ್ಲಿ ಇದೇ ವೇಷದ ಇನ್ನೊಂದು ಹುಳ ಓಡಾಡುತ್ತದೆ. ಅದಕ್ಕೆ ಆರು ಚುಕ್ಕಿ, ಅದು ನಿಜವಾದ ದುಂಬಿ. ಸೈಜು ಜಾಸ್ತಿ, ಮುಂದೆ ಕತ್ತರಿಯಂಥ ದವಡೆ, ಕೆಣಕಿದರೆ ಹಿಂದಿನಿಂದ ಆಸಿಡ್ ಚಿಮ್ಮಿಸುತ್ತದೆ. ಕಣ್ಣಿಗೆ ಬಿದ್ದರೆ ಕಷ್ಟ. ನಿಮ್ಮದಕ್ಕೆ ಏಳು ಚುಕ್ಕಿ ಇದ್ದರೆ ಅದು ಏಳು ಚುಕ್ಕಿ ಜಿರಳೆ, ಸಾಕುವವರು ಡಾಮಿನೋ ರೋಚ್ ಅಂತಾರೆ, ಶಾಸ್ತ್ರದ ಹೆಸರು ಥೇರಿಯಾ ಪೆಟಿವೇರಿಯಾನಾ. ಪಾಪದ್ದು. ಕಚ್ಚಲ್ಲ, ಚಿಮ್ಮಿಸಲ್ಲ, ಆ ಖಾರದ ದುಂಬಿಯ ಬಟ್ಟೆ ಹಾಕಿಕೊಂಡು ಬದುಕುತ್ತಿದೆ ಅಷ್ಟೇ.

ಚುಕ್ಕಿ ಬಿಟ್ಟು ಇನ್ನೊಂದು ಗುರುತು ಇದೆ. ಬೆನ್ನು ನೋಡಿ. ದುಂಬಿಯಾದರೆ ಎರಡು ರೆಕ್ಕೆ ನಡುವೆ ಬೈತಲೆ ತೆಗೆದ ಹಾಗೆ ನೇರ ಗೆರೆ ಇರುತ್ತದೆ. ಜಿರಳೆಗೆ ಒಂದು ರೆಕ್ಕೆ ಇನ್ನೊಂದರ ಮೇಲೆ ಹೊದ್ದುಕೊಂಡಿರುತ್ತದೆ, ನಾವು ಪಂಚೆ ಸುತ್ತಿದ ಹಾಗೆ. ಇದರಲ್ಲಿ ಎಡ ರೆಕ್ಕೆ ಮೇಲೆ, ಅದಕ್ಕೇ ಎಡಗಡೆ 4 ಚುಕ್ಕಿ, ಬಲಗಡೆ 3 ಮಾತ್ರ ಕಾಣುತ್ತದೆ. ನೀವು ಮೋಸ ಹೋಗಿದ್ದಕ್ಕೆ ಬೇಜಾರು ಬೇಡ, 1758ರಲ್ಲಿ ಇದಕ್ಕೆ ಶಾಸ್ತ್ರದ ಹೆಸರಿಟ್ಟ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ ಕೂಡ ದುಂಬಿ ಅಂತಲೇ ಬರೆದಿದ್ದ. ನಿಮ್ಮ ಮನೆಯವರ ಕಣ್ಣು ಅವನಿಗಿಂತ ಚುರುಕು ಅಂತಾಯ್ತು.

ಸಾಕೋದು ಸುಲಭ. ಅಗಲವಾದ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ಸಣ್ಣ ತೂತು, ಒಳಗೆ ನಾಲ್ಕು ಬೆರಳು ಆಳಕ್ಕೆ ತೆಂಗಿನ ನಾರಿನ ಪುಡಿ ಮತ್ತು ಮಣ್ಣು, ಮೇಲೆ ಒಣಗಿದ ಎಲೆ. ಒಂದು ಕಡೆ ತೇವ ಇರಲಿ, ಇನ್ನೊಂದು ಕಡೆ ಒಣಗಿರಲಿ. ಔಷಧಿ ಹೊಡೆದ ಹೊಲದ ಎಲೆ ಮಾತ್ರ ಬೇಡ. ತಿನ್ನೋಕೆ ಕ್ಯಾರೆಟ್ ತುಂಡು, ಬಾಳೆಹಣ್ಣು, ಚಿಟಿಕೆ ಮೀನಿನ ಆಹಾರ. ಹಗಲೆಲ್ಲ ಮಣ್ಣೊಳಗೆ ಇರುತ್ತದೆ, ಸತ್ತೋಯ್ತು ಅಂತ ಕೆದಕಬೇಡಿ, ಸಂಜೆ ಹೊತ್ತಿಗೆ ಮೇಲೆ ಬರುತ್ತದೆ. ಹೆಣ್ಣಾದರೆ ಮಣ್ಣಲ್ಲಿ ಒಣಗಿದ ಬೀಜದಂಥ ಕಂದು ಮೊಟ್ಟೆಚೀಲ ಬಿಟ್ಟಿರುತ್ತದೆ, ಕಸ ಅಂತ ಎಸೆಯಬೇಡಿ. ರೆಕ್ಕೆ ಬಂದ ಹುಳ ಕೆಲವು ತಿಂಗಳು ಬದುಕುತ್ತದೆ ಅಷ್ಟೇ, ಇದನ್ನು ಮಗಳಿಗೆ ಮೊದಲೇ ಹೇಳಿಡಿ.

ಮೀನಿಗೆ ಬೇಡ. ಮರಿ ದೊಡ್ಡದಾಗೋಕೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯುತ್ತದೆ, ನಿಮ್ಮ ಅರೋವಾನಾ ಅದನ್ನು ಒಂದೇ ಗುಟುಕಿಗೆ ಮುಗಿಸುತ್ತದೆ. ಲೆಕ್ಕ ಕೂಡಲ್ಲ. ಕಾಡಿಂದ ಹಿಡಿದು ತಂದು ಹಾಕೋದಂತೂ ಮಾಡಲೇಬೇಡಿ. ಅಭಯಾರಣ್ಯದ ಒಳಗಿಂದ ಏನನ್ನೂ ತರುವ ಹಾಗಿಲ್ಲ ಅನ್ನೋದೂ ನೆನಪಿರಲಿ.

ಮೀನ್_ಮಾವ

ಮೀನಿನ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಕೈ ಸುಟ್ಟುಕೊಂಡಿದ್ದೇನೆ. ನಾಲ್ಕು ವರ್ಷ ಸಾಕಿದ ಅರೋವಾನಾ, ಒಂದೂವರೆ ಅಡಿ ಇತ್ತು, ರಾತ್ರಿ ಅಡುಗೆಮನೆಯಲ್ಲಿ ಸಿಕ್ಕ ಜಿರಳೆಯನ್ನೇ ಹಿಡಿದು ಹಾಕುತ್ತಿದ್ದೆ, ಬಿಟ್ಟಿ ಊಟ ಅಂತ. ಕೆಳಗಿನ ಮನೆಯವರು ಆ ವಾರ ಔಷಧಿ ಹೊಡೆಸಿದ್ದು ನನಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ನೋಡಿದರೆ ಮೀನು ಅಡ್ಡ ಮಲಗಿ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು, ಮಧ್ಯಾಹ್ನಕ್ಕೆ ಹೋಯಿತು. ಔಷಧಿಯಿಂದಲೇ ಅಂತ ನಾನು ಪರೀಕ್ಷೆ ಮಾಡಿಸಿಲ್ಲ, ಆದರೆ ಬೇರೆ ಏನೂ ಬದಲಾಗಿರಲಿಲ್ಲ. ಚರಂಡಿ, ಅಡುಗೆಮನೆ ಜಿರಳೆ ಮುಟ್ಟಬೇಡಿ.

ಈಗ ಡೂಬಿಯಾ ಸಾಕಿದ್ದೇನೆ. ದಕ್ಷಿಣ ಅಮೆರಿಕದ ಜಿರಳೆ ಅದು. ನುಣ್ಣನೆ ಪ್ಲಾಸ್ಟಿಕ್ ಗೋಡೆ ಹತ್ತಲಾರದು, ಓಟ ಕಮ್ಮಿ, ಮೊಟ್ಟೆ ಇಡದೆ ನೇರ ಮರಿ ಹಾಕುತ್ತದೆ. ಗಂಡಿಗೆ ಉದ್ದ ರೆಕ್ಕೆ, ಹೆಣ್ಣಿಗೆ ಬರೀ ಮೊಂಡು ರೆಕ್ಕೆ, ಬೇರೆ ಮಾಡೋದು ಸಲೀಸು. ಮೊಟ್ಟೆ ಟ್ರೇಗಳನ್ನು ನಿಲ್ಲಿಸಿ ಇಟ್ಟರೆ ಮನೆ ರೆಡಿ. ನೀರಿನ ಬಟ್ಟಲು ಇಡಬೇಡಿ, ಮರಿ ಮುಳುಗುತ್ತವೆ, ಕ್ಯಾರೆಟ್ಟಲ್ಲೇ ನೀರು ಸಿಗುತ್ತದೆ. ಶುರುವಿನ ಆರು ತಿಂಗಳು ಒಂದನ್ನೂ ಮೀನಿಗೆ ಹಾಕಬೇಡಿ, ಸಂಖ್ಯೆ ಆಗಲಿ. ಹಾಕುವ ಹಿಂದಿನ ದಿನ ಚೆನ್ನಾಗಿ ತಿನ್ನಿಸಿ, ದೊಡ್ಡ ಹುಳವಾದರೆ ಮುಳ್ಳಿರೋ ಹಿಂಗಾಲು ತೆಗೆದು ಹಾಕಿ. ಸಾಕಾಯ್ತು ಅಂತ ತೋಟಕ್ಕೆ ಬಿಡೋದು ಮಾತ್ರ ಬೇಡ, ನಮ್ಮ ಊರಿನ ಹುಳ ಅಲ್ಲ ಅದು.

ಸೀನು_ಅಕ್ಕ

ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದೆಯಾ ಕೇಳಿಕೊಳ್ಳಿ. ಜಿರಳೆ ಹಿಕ್ಕೆ, ಕಳಚಿದ ಪೊರೆ, ಆ ಧೂಳು ಅಲರ್ಜಿ ತರುತ್ತದೆ. ನಮ್ಮ ತಮ್ಮ ಡೂಬಿಯಾ ಡಬ್ಬಿ ಕ್ಲೀನ್ ಮಾಡಿದ ದಿನ ನನಗೆ ಮೂಗು ಹೊಳೆ. ಮಾಸ್ಕ್ ಹಾಕಿ, ಹೊರಗೆ ಹೋಗಿ ಕೊಡವಿ. ಏಳು ಚುಕ್ಕಿಯ ಒಂದು ಹುಳಕ್ಕೆ ಇಷ್ಟೆಲ್ಲ ಬೇಡ ಬಿಡಿ.

ಹಿರಿಯೂರು_ಹೈದ

ಎಣಿಸಿದೆವು. ಎಡಗಡೆ ನಾಲ್ಕು, ಬಲಗಡೆ ಮೂರು. ಪಂಚೆ ಅಂದಿದ್ದು ಸರಿಯಾಗಿದೆ, ಟಾರ್ಚ್ ಹಾಕಿದರೆ ಮಡಿಕೆ ಚೆನ್ನಾಗಿ ಕಾಣುತ್ತದೆ. ಹೆಂಡತಿ ಗೆದ್ದ ಖುಷಿಯಲ್ಲಿ ಒಪ್ಪಿದ್ದಾಳೆ, ಆದರೆ ಡಬ್ಬಿ ಜಗಲಿ ದಾಟಿ ಒಳಗೆ ಬರೋ ಹಾಗಿಲ್ಲ. ಮಣ್ಣು ಹಾಕಿ ಬಿಟ್ಟ ತಕ್ಷಣ ತಲೆ ತೂರಿಸಿ ಒಳಗೆ ಹೋಯಿತು, ಒಂದು ನಿಮಿಷಕ್ಕೆ ಮೇಲೆ ಏನೂ ಇಲ್ಲ. ಈಗ ಹೊಸ ತಲೆನೋವು: ಬಾಳೆಹಣ್ಣಿನ ವಾಸನೆಗೆ ಕೆಂಪಿರುವೆ ಸಾಲು ಬಂದಿದೆ. ಪುಡಿ ಉದುರಿಸಿದರೆ ಹುಳಾನೂ ಸಾಯುತ್ತೆ ಅಲ್ವಾ?

ಎಲೆ_ಕೆಳಗಿನವ

ಸಾಯುತ್ತೆ, ಪುಡಿ ಬೇಡ. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಒಂದು ಇಟ್ಟಿಗೆ ಚೂರು, ಅದರ ಮೇಲೆ ಡಬ್ಬಿ. ಅಜ್ಜಿ ಬೆಲ್ಲದ ಡಬ್ಬಿಗೆ ಮಾಡುತ್ತಿದ್ದ ಹಾಗೆ. ಬಾಳೆಹಣ್ಣು ರಾತ್ರಿ ಇಟ್ಟು ಬೆಳಿಗ್ಗೆ ತೆಗೆದುಬಿಡಿ.